ಕುರಿಗಳ ಎಲೆಯಡಿಕೆಗೆ ಬಿದ್ದ ಬೇಲಿ

ಜಾಲಿ ಮರಗಳಿಗೆ ತಂತಿ ಸುತ್ತಿಸಿದ ಮೇವು ಸುಧಾರಣೆಯ ಸಾಹೇಬರೇ,

ಧುಪದಾಳದ ಕಾಲುವೆ ದಂಡೆಗೆ ಹಾಕಿಸಿದ ಬೇಲಿಯನ್ನು ಇವತ್ತೇ ಕೀಳಿಸಿ. ಸೋಮವಾರ ಆ ಜಾಲಿಗಳಿಗೆ ಕೊಡಲಿ ಹಾಕುವ ಕಾರ್ಯಕ್ರಮವಿದೆಯಂತೆ, ಅದನ್ನೂ ಬಿಡಿ.

ನಿಮ್ಮ ವಾದ ಗೊತ್ತು. ಜಾಲಿಯ ಸೊಪ್ಪು, ಕಾಯಿಗಳಲ್ಲಿ ಟ್ಯಾನಿನ್ ಎಂಬ ಒಗರಿದೆ, ಅದು ಕುರಿಯ ಪಚನಕ್ಕೆ ಅಡ್ಡ ಬರುತ್ತದೆ. ಖರೆ. ಬರೀ ಜಾಲಿ ತಿಂದ ಕುರಿ ಸೊರಗುತ್ತದೆ, ಹಿಕ್ಕೆ ಗಟ್ಟಿಯಾಗುತ್ತದೆ. ಆದರೆ ಬರೀ ಜಾಲಿ ತಿನ್ನಿಸುವ ಕುರುಬ ಯಾವ ಊರಲ್ಲಿದ್ದಾನೆ? ನೀವೇ ಬೀಜ ಹಂಚಿ ಬೆಳೆಸಿದ ಎಳೆಯ ಕುದುರೆಮೆಂತ್ಯದ ಮೇವನ್ನು ಹೊಟ್ಟೆತುಂಬ ಮೇಯ್ದ ಕುರಿಯೊಳಗೆ ನೊರೆಯೇಳುತ್ತದೆ. ಗಾಳಿ ಹೊರಬರದೆ ಎಡಪಕ್ಕೆ ಡೊಳ್ಳಾಗುತ್ತದೆ. ಆ ನೊರೆಯನ್ನು ತಡೆಯುವುದು ಇದೇ ಒಗರು. ಅಡ್ಡ ಬರುವವರೂ ಒಮ್ಮೊಮ್ಮೆ ಉಪಕಾರ ಮಾಡುತ್ತಾರೆ, ನಿಮ್ಮನ್ನು ಬಿಟ್ಟು.

ಘಟಪ್ರಭಾ ಸ್ಟೇಷನ್ ಎದುರು ಪಾನ್ ಅಂಗಡಿ ಇಟ್ಟು ಮುದುಕನಾದವನು ನಾನು, ಒಗರಿನ ಮೇಲೆಯೇ ಬದುಕಿದವನು. ಬೇಲಿ ಹಾಕಿಸಿದ ವಾರವೇ ನಮ್ಮ ಬಾಜೂ ಮನೆಯ ಭರಮವ್ವನ ಗಬ್ಬದ ಕುರಿ ಹೊಟ್ಟೆಯುಬ್ಬಿ ಸತ್ತಿತು. ವಿಚಾರಣೆಗೆಂದು ಬಂದ ನೀವು ಮೊದಲು ಪಂಚಾಯತಿ ಮೆಂಬರರ ಮನೆಯಲ್ಲಿ ಹೋಳಿಗೆ ಹೊಡೆದು, ಆಮೇಲೆ ಅವಳ ಅಂಗಳಕ್ಕೆ ಬಂದಿರಿ. ಬಂದವರೇ ನನ್ನ ಎಲೆಯಡಿಕೆ ಚಂಚಿಯತ್ತ ಕೈಚಾಚಿದಿರಿ.

“ಕಾಕಾ, ಹೊಟ್ಟಿ ಜಡ ಆಗೈತ್ರಿ. ಒಂದೀಟು ಎಲಿ ಅಡಿಕಿ ಕೊಡ್ರಿ.”

“ಬ್ಯಾಡ್ರಿ ಸಾಹೇಬ್ರ, ಅಡಿಕ್ಯಾಗೂ ಅದ ಒಗರ ಐತಿ. ನಿಮ್ಮ ಪಚನಕ್ಕ ಅಡ್ಡ ಬಂದ್ರ ಜವಾಬು ಯಾರು ಕೊಡೂದು? ಬೇಕಂದ್ರ ನನ್ನ ಅಂಗಡಿಗೂ ಒಂದು ತಂತಿ ಸುತ್ತಸ್ರಿ.”

“ಚ್ಯಾಷ್ಟಿ ಸಾಕ್ರಿ. ಭಾರಿ ಊಟ ಆದ ಮ್ಯಾಲ ಒಂಚೂರು ಬೇಕಾಗತೈತಿ.”

ಕೂಡಿದ ಮಂದಿ ನಕ್ಕರು. ಭರಮವ್ವ ನಗಲಿಲ್ಲ.

“ನನ್ನ ಕುರಿಗೂ ಅಷ್ಟ ಬೇಕಾಗಿತ್ರಿ, ಸಾಹೇಬ್ರ. ಮೇದು ಬಂದು ತಂತಿಗೆ ಮಾರಿ ಹಚ್ಚಿ ನಿಂತಿತ್ತು. ಉಳದಾವೂ ಈಗ ಅಲ್ಲೇ ನಿಂತಾವ. ನೋಡಾಕ ಬರ್ರಿ.”

ನೀವು ನೋಡಲು ಹೋಗಲಿಲ್ಲ. ಜೀಪು ಹತ್ತಿದಿರಿ. ಜಡವಾದ ಹೊಟ್ಟೆಗೆ ನಡಿಗೆಯೂ ಒಳ್ಳೆಯದಿತ್ತು.

ಅವಳ ಹಿಂಡಿನಲ್ಲಿ ಇನ್ನೂ ಗಬ್ಬದ ಕುರಿಗಳಿವೆ. ಮೇಯ್ದ ಮೇಲೆ ತುಸು ಹೊತ್ತು ಜಾಲಿಯ ಕೆಳಗೆ ಬಿಡಲು ದಾರಿ ಕೊಡಿ. ಸಾಕು ಎಂದು ಅಟ್ಟಿಕೊಂಡು ಹೋಗುವುದು ಅವಳಿಗೆ ಗೊತ್ತು. ಕೊಡದಿದ್ದರೆ ಸೋಮವಾರ ತಂತಿ ದಾಟಿ, ಆ ಮರಗಳ ಬುಡದಲ್ಲಿ ಹಿಂಡಿನ ನಡುವೆ ನಾವಿಬ್ಬರೂ ಕೂತಿರುತ್ತೇವೆ. ಕೊಡಲಿಯವರು ಮೊದಲು ಗಬ್ಬದ ಕುರಿಗಳನ್ನು ಎಬ್ಬಿಸಬೇಕಾಗುತ್ತದೆ. ಆ ಕೆಲಸಕ್ಕೆ ಬೇರೆಯವರನ್ನು ಕಳಿಸಬೇಡಿ, ನೀವೇ ಬನ್ನಿ.

ಇಂತಿ,
ಊರನ್ನೆಲ್ಲ ನಗಿಸಿ, ಒಂದು ಕುರಿಯನ್ನು ಉಳಿಸಲಾಗದ
ಸೋಮಪ್ಪ