ಮುಚ್ಚದೆ ಉಳಿದ ಬಾಗಿಲು

ಸ್ತಾರಾ ಬೋಲೆಸ್ಲಾವ್,
ಸೆಪ್ಟೆಂಬರ್ 29

ಪ್ರೀತಿಯ ತಮ್ಮ ಹಿನೆಕ್,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ಒಸ್ತ್ರಾವಾದಲ್ಲಿ ಚಳಿ ಬೇಗ ಶುರುವಾಗುತ್ತದೆ. ಅಮ್ಮ ಹೆಣೆದ ಉಣ್ಣೆಯ ಕಾಲುಚೀಲ ಈಗಲೇ ಹೊರಗಿಟ್ಟುಕೋ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕಾಗದವನ್ನು ಓದದೆ ಎಸೆಯುವವನಲ್ಲ ನೀನು. ರಾಡೋವನ್ ಅಣ್ಣನ ಗಂಟಲು ಬೇಸಿಗೆಯಿಂದಲೇ ಕೆಟ್ಟಿದೆ. ದಿನಕ್ಕೊಮ್ಮೆಯಾದರೂ ಹೇಗೋ ಮಾತು ತಿರುಗಿಸಿ ನಿನ್ನ ಸುದ್ದಿ ಕೇಳುತ್ತಾನೆ.

ನಿನ್ನೆ ಸಂತ ವಾತ್ಸ್ಲಾವನ ಹಬ್ಬ. ಡಾಕ್ಟರು ಬೇಡವೆಂದರೂ ಅಣ್ಣ ಬೊಂಬೆಯಾಟ ನಿಲ್ಲಿಸಲಿಲ್ಲ. ನಿನ್ನ ಬೊಂಬೆಯನ್ನು, ಅಂದರೆ ಸಂತನನ್ನು ಕೊಲ್ಲುವ ಅವನ ತಮ್ಮ ಬೋಲೆಸ್ಲಾವನನ್ನು, ಆಡಿಸಲು ಪಕ್ಕದ ಊರಿನವರು ಸಿದ್ಧರಿದ್ದರು. "ಅದು ಹಿನೆಕ್‌ನದು, ಯಾರೂ ಮುಟ್ಟಬೇಡಿ" ಎಂದು ಗದರಿ, ಬೊಂಬೆಯನ್ನು ಕತ್ತಿಯ ಸಮೇತ ವೇದಿಕೆಯ ಬಲಬದಿಯ ಕೊಕ್ಕೆಗೆ ತೂಗುಹಾಕಿದ.

ಹೋದ ವರ್ಷ ನೀನು ಕೇಳಿದ್ದೇನು? ಒಂದೇ ಒಂದು ಆಟಕ್ಕೆ ವಾತ್ಸ್ಲಾವನನ್ನು ನನ್ನ ಕೈಗೆ ಕೊಡು ಎಂದೆ, ಅಷ್ಟೆ. ಅಪ್ಪ ಹಂಚಿಕೊಟ್ಟದ್ದು ಹಾಗೆ: ಹಿರಿಯನಿಗೆ ಸಂತ, ಕಿರಿಯನಿಗೆ ಕೊಲೆಗಾರ, ನನಗೆ ಚರ್ಚಿನ ಬಾಗಿಲಿನ ದಾರ. ಅದು ನ್ಯಾಯವೇ ಎಂದು ಮನೆಯಲ್ಲಿ ಯಾರೂ ಕೇಳಿಕೊಳ್ಳಲಿಲ್ಲ. ಬೀದಿಯ ಮಕ್ಕಳು ನಿನ್ನನ್ನು ಕಂಡರೆ "ಅಣ್ಣನ್ನ ಕೊಂದೋನು ಬಂದ, ಓಡ್ರೋ!" ಎನ್ನುತ್ತಿದ್ದರು, ನೀನೂ ನಗುತ್ತಿದ್ದೆ. "ನಿನ್ನ ಕೈಲಿ ಸಂತ ನಿಲ್ಲೋಲ್ಲ ಕಣೋ, ನಿನಗೆ ಕತ್ತೀನೇ ಸರಿ" ಎಂದು ಅಣ್ಣ ಊರವರೆಲ್ಲರ ಎದುರು ಅಂದಾಗ ಮಾತ್ರ ನೀನು ನಗಲಿಲ್ಲ.

ನಿನ್ನೆ ಆಟ ಎಂದಿನಂತೆಯೇ ಶುರುವಾಯಿತು. ದೊರೆ ವಾತ್ಸ್ಲಾವ ಇರುಳಲ್ಲಿ ಯಾರಿಗೂ ಕಾಣದಂತೆ ಗೋಧಿ ಕೊಯ್ದ, ಪೂಜೆಯ ರೊಟ್ಟಿಗೆ ಹಿಟ್ಟು ನಾದಿದ, ವಿಧವೆಯರ ಮನೆಗೆ ಸೌದೆ ಹೊತ್ತ. ತಮ್ಮನ ಔತಣಕ್ಕೆ ಬಂದ. ಕುದುರೆ ಸಿದ್ಧವಿದೆ, ಓಡಿಹೋಗಿ ಎಂದು ಆಳು ಪಿಸುಗುಟ್ಟಿದರೂ ಹೋಗಲಿಲ್ಲ. ಬೆಳಗಿನ ಗಂಟೆ ಹೊಡೆಯಿತು. ಇಲ್ಲಿ ನೀನು ಮೇಲೆರಗಬೇಕು. ಅವನು ನಿನ್ನನ್ನು ಕೆಡವಿ, ಕಿತ್ತುಕೊಂಡ ಕತ್ತಿಯನ್ನು ನಿನಗೇ ಮರಳಿಸಿ, ಚರ್ಚಿನತ್ತ ಓಡಬೇಕು. ನಾನು ಅವನ ಮುಖದ ಮೇಲೆಯೇ ಬಾಗಿಲು ಮುಚ್ಚಬೇಕು, ಅವನು ಅಲ್ಲೇ ಸಾಯಬೇಕು. ಕೊಕ್ಕೆಯಲ್ಲಿದ್ದ ಬೋಲೆಸ್ಲಾವ ಅಲುಗಲಿಲ್ಲ. ಅಣ್ಣನ ಬೊಂಬೆ ನಿಧಾನವಾಗಿ ನಡೆದುಹೋಗಿ ಬಾಗಿಲ ಹಿಡಿಕೆಯ ಬಳೆ ಹಿಡಿಯಿತು. ದಾರ ಎಳೆಯಲು ನಾನು ಕೈ ಎತ್ತಿದೆ. ಅಣ್ಣ ಬೇಡವೆಂದು ತಲೆಯಾಡಿಸಿದ.

"ಒಳಗೆ ಹೋಗೋ ಪುಣ್ಯಾತ್ಮಾ! ಬಾಗಿಲು ತೆಗೆದೇ ಇದೆಯಲ್ಲೋ!" ಎಂದು ಮುಂದಿನ ಬೆಂಚಿನಿಂದ ಯಾರ್ಮಿಲಾ ಅತ್ತೆ ಕೂಗಿದಳು. ಮಕ್ಕಳೂ ಕೂಗಿದರು. ಬೊಂಬೆ ಒಳಗೆ ಹೋಗಲಿಲ್ಲ. ಹಿಂದಿರುಗಿ ಬಂದು, ನಿನ್ನ ಬೊಂಬೆಯ ಮುಂದೆ ಮಂಡಿಯೂರಿತು. "ದೇವರು ನಿನ್ನನ್ನು ಕ್ಷಮಿಸಲಿ, ತಮ್ಮಾ" ಎಂಬುದು ಸಂತನ ಕೊನೆಯ ಮಾತು. ತಾತನ ಕಾಲದಿಂದ ಅದು ಬದಲಾಗಿಲ್ಲ. ಅಣ್ಣ ಒಡೆದ ದನಿಯಲ್ಲಿ, "ನನ್ನನ್ನು ಕ್ಷಮಿಸು, ತಮ್ಮಾ" ಅಂದ. ಕೊಲೆಯಾಗದೆಯೇ ಆಟ ಮುಗಿಯಿತು. ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಜನ ಎದ್ದರು. "ಪಾಪ, ವಯಸ್ಸಾಯ್ತು ನೋಡು, ಮಾತು ಮರೆತ" ಎಂದಳು ಅತ್ತೆ.

ಬೊಂಬೆಯ ಮರೆಯಲ್ಲಿ ನಿಂತು ಕೇಳುವುದು ಸುಲಭ ಎಂದು ನೀನು ಅನ್ನಬಹುದು. ನನಗೂ ಹಾಗೆ ಅನ್ನಿಸಿತು. ಅಷ್ಟು ಸಾಕೆ ಎಂದು ತೀರ್ಮಾನಿಸುವವಳು ನಾನಲ್ಲ, ನೊಂದವನು ನೀನು.

ಪ್ಲಮ್ ಹಣ್ಣು ತುಂಬಿದ ಕೋಲಾಚೆ ಬನ್ನು ಬೇಯಿಸಿದ್ದೆ, ನಿನ್ನ ಪಾಲು ಬೇರೆಯಾಗಿ ಕಳಿಸುತ್ತಿದ್ದೇನೆ. ಆ ಸಂತ ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ಬ್ಲಾಜೆನಾ

ಮತ್ತೆ: ಮರೆತದ್ದಲ್ಲ, ಮೇಲೆ ಬರೆಯಲು ಕೈ ಏಳಲಿಲ್ಲ. ಗಂಟಲಿನಲ್ಲಿರುವುದು ಕ್ಯಾನ್ಸರ್. ಮುಂದಿನ ಗುರುವಾರ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಬದುಕುತ್ತಾನಂತೆ, ದನಿ ಮಾತ್ರ ಹೋಗುತ್ತದೆ. "ಅವನನ್ನ ಕರೀಬೇಡ, ಬಂದ್ರೆ ತಾನಾಗೇ ಬರ್ಲಿ" ಎಂದಿದ್ದಾನೆ. ಕರೆಯುತ್ತಿರುವುದು ನಾನು. ಬೊಂಬೆಗೆ ಹೇಳಿದ್ದನ್ನು ಅವನು ನಿನ್ನ ಮುಖ ನೋಡಿ ಹೇಳಬೇಕಾದರೆ ಬುಧವಾರದೊಳಗೆ ಬಾ.