ಮೂರು ಸೆಕೆಂಡು ಎತ್ತಿದ ಕೈ

ವೈದ್ಯಕೀಯ ಅರ್ಹತಾ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ಕೈನೋವೆಂದು ನಿಮ್ಮ ಮುಂದೆ ಬಂದು ನಿಲ್ಲುವ ಬಸ್ ಡಿಪೋದ ಕೆಲಸಗಾರನನ್ನು ನೀವು ಎಷ್ಟು ಹೊತ್ತು ಪರೀಕ್ಷಿಸುತ್ತೀರಿ ಎಂದು ಎಂದಾದರೂ ಗಮನಿಸಿದ್ದೀರಾ? ನಾನು ಎಣಿಸಿದ್ದೇನೆ. ಮೂರು ಸೆಕೆಂಡು. "ಕೈ ಎತ್ತಿ" ಅಂದಿರಿ, ಎತ್ತಿದೆ. "ಇಳಿಸಿ" ಅಂದಿರಿ, ಇಳಿಸಿದೆ. ನಮೂನೆಯಲ್ಲಿ 'ಕೈಯನ್ನು ತಲೆಯ ಮೇಲಕ್ಕೆ ಎತ್ತಬಲ್ಲರೇ?' ಎಂಬ ಒಂಬತ್ತನೇ ಪ್ರಶ್ನೆಯ ಎದುರು 'ಹೌದು' ಎಂದು ಬರೆದಿರಿ. ನನ್ನ ಮುಖ ನೋಡುವ ಶ್ರಮವನ್ನೂ ತಾವು ತೆಗೆದುಕೊಳ್ಳಲಿಲ್ಲ. ಸಭೆಯಲ್ಲಿ ಕೈಯೆತ್ತಿ ಒಪ್ಪಿಗೆ ಸೂಚಿಸುವುದೇ ನನ್ನ ಉದ್ಯೋಗವಾಗಿದ್ದರೆ ಆ ಪರೀಕ್ಷೆ ಧಾರಾಳವಾಗಿ ಸಾಕಿತ್ತು.

ನನ್ನ ಉದ್ಯೋಗ ಬೇರೆ. ಡಿಪೋದ ಪಿಟ್‌ನಲ್ಲಿ, ಅಂದರೆ ನೆಲವನ್ನು ಆಳುದ್ದ ಅಗೆದು ಕಟ್ಟಿದ ಕಾಲುವೆಯಲ್ಲಿ ಇಳಿದು, ತಲೆಯ ಮೇಲೆ ನಿಂತಿರುವ ಬಸ್ಸಿನ ಹೊಟ್ಟೆಯನ್ನು ರಿಪೇರಿ ಮಾಡುವವನು ನಾನು. ದಿನಕ್ಕೆ ಆರು ತಾಸು ಕೈ ಮೇಲೆಯೇ ಇರುತ್ತದೆ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ದೇನೆ. ಕುತ್ತಿಗೆಯಿಂದ ಕೈಗೆ ಹೋಗುವ ನರಗಳೂ ರಕ್ತನಾಳಗಳೂ ಕೊರಳ ಮೂಳೆಗೂ ಮೊದಲ ಪಕ್ಕೆಲುಬಿಗೂ ನಡುವಿನ ಸಂದಿಯಲ್ಲಿ ಹಾದು ಹೋಗುತ್ತವಂತೆ. ಆ ಸಂದಿ ಇಕ್ಕಟ್ಟಾದರೆ ಬಾಗಿಲಿಗೆ ಸಿಕ್ಕಿಕೊಂಡ ವೈರಿನ ಗತಿ. ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎಂಬ ಈ ಕಾಯಿಲೆಯ ಹೆಸರು ನನ್ನ ನಾಲಿಗೆಯಲ್ಲಿ ಹೊರಳಲು ಒಂದು ವಾರ ಬೇಕಾಯಿತು. ವೈದ್ಯರಾದ ನಿಮಗೆ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು. ಆದರೂ ಕೇಳುತ್ತೇನೆ: ಗೊತ್ತಿದ್ದೂ ಮೂರು ಸೆಕೆಂಡೇ?

ನಿಮ್ಮನ್ನು ಬೈಯಲು ಕೂತವನಿಗೆ ಮುಂದಿನ ಮಾತು ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯದೆ ಬಿಡುವ ಹಾಗಿಲ್ಲ.

ನಮ್ಮ ಪಿಟ್‌ನಲ್ಲಿ ಒಂದು ಪದ್ಧತಿಯಿದೆ. ಯಾರ ಕೈಯಿಂದಲಾದರೂ ಸ್ಪ್ಯಾನರ್ ಜಾರಿ ಬಿದ್ದರೆ ಉಳಿದವರೆಲ್ಲ ಕಬ್ಬಿಣದ ಡಬ್ಬ ಬಡಿದು ಕೂಗುತ್ತೇವೆ, ಅವತ್ತಿನ ಟೀ ಖರ್ಚು ಅವನದು. ಆರು ವರ್ಷದ ಹಿಂದೆ ವಯಸ್ಸಿನಲ್ಲಿ ನನಗಿಂತ ಹಿರಿಯರೊಬ್ಬರ ಕೈಯಿಂದ ದಿನವೂ ಸ್ಪ್ಯಾನರ್ ಬೀಳತೊಡಗಿತು. ಅವರಿಗೆ ಟೀ ಸಾಹುಕಾರ್ ಎಂದು ಹೆಸರಿಟ್ಟವನು ನಾನೇ. "ಬೆರಳು ಜೋಮು ಹಿಡೀತದೆ ಕಣಯ್ಯಾ, ಕೈ ನಂದಲ್ಲ ಅನ್ನಿಸ್ತದೆ" ಎಂದರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು, ಪಾಪ.

ಅವರು ಹಗುರ ಕೆಲಸ ಕೇಳಿಕೊಂಡು ನಿಮ್ಮ ಮಂಡಳಿಗೆ ಬಂದರು. ನೀವು ಒಂಬತ್ತಕ್ಕೆ 'ಹೌದು' ಬರೆದಿರಿ. ಹತ್ತನೆಯದು ಹಿರಿಯ ಮೆಕ್ಯಾನಿಕ್‌ನ ಅಭಿಪ್ರಾಯ. ನಾನು 'ಕೆಲಸಕ್ಕೆ ಅಡ್ಡಿಯಿಲ್ಲ' ಎಂದು ಬರೆದು ಸಹಿ ಹಾಕಿದೆ. ಮನಸ್ಸಿನಲ್ಲಿ ಮೈಗಳ್ಳ ಎಂದುಕೊಂಡಿದ್ದೆ. ಪಿಟ್‌ಗೆ ಇಳಿ, ಇಲ್ಲವೇ ರಾಜೀನಾಮೆ ಕೊಡು ಎಂದಿತು ಕಚೇರಿ. ಅವರು ರಾಜೀನಾಮೆ ಕೊಟ್ಟರು.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಕಳೆದ ವರ್ಷ ನನ್ನ ಎಲೆಗೂ ಬಡಿಸಿತು. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಆಮೇಲೆ ಭುಜದಿಂದ ಮೊಣಕೈವರೆಗೆ ಸೆಳೆತ. ತಲೆ ಬಾಚುವಾಗ ಬಾಚಣಿಗೆ ಬಿತ್ತು. "ಯಾಕ್ರೀ, ಕೈಗೇನಾಯ್ತು?" ಎಂದಳು ಹೆಂಡತಿ. "ಎಣ್ಣೆ ಜಾಸ್ತಿ ಹಾಕಿದೀಯ, ಜಾರ್ತು" ಎಂದು ಅವಳ ಮೇಲೆಯೇ ಹರಿಹಾಯ್ದೆ. ಪಿಟ್‌ನಲ್ಲಿ ಸ್ಪ್ಯಾನರಿಗೆ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಂಡೆ. ಜಾರಿದರೂ ನೆಲ ಮುಟ್ಟಬಾರದು, ಡಬ್ಬ ಬಡಿಯಬಾರದು. ಹಿರಿಯ ಮೆಕ್ಯಾನಿಕ್‌ನ ಹೊಸ ವಿಧಾನ ಇರಬೇಕೆಂದು ಇಬ್ಬರು ತಾವೂ ದಾರ ಕಟ್ಟಿಕೊಂಡರು!

ಒಂದು ಬೆಳಿಗ್ಗೆ ಬ್ರೇಕ್ ಪೈಪಿನ ನಟ್ ಬಿಗಿ ಮಾಡುತ್ತಿದ್ದಾಗ ಬೆರಳಿಗೆ ಅದು ತಾಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಇನ್ನೊಬ್ಬನನ್ನು ಕರೆದು "ನೋಡಪ್ಪಾ" ಎನ್ನಬಹುದಿತ್ತು. ಕರೆಯಲಿಲ್ಲ. ಬಸ್ಸು ಜನರನ್ನು ತುಂಬಿಕೊಂಡು ಒಂದು ಸುತ್ತು ಹೋಗಿ ಬಂತು. "ಅಣ್ಣಾ, ಬ್ರೇಕ್ ಸರಿಯಾಗಿ ಹಿಡೀತಿಲ್ಲ, ಗಾಡಿ ತುಂಬ ಮಕ್ಕಳಿದ್ರು" ಎಂದ ಡ್ರೈವರ್. ಚಕ್ರದ ಒಳಬದಿ ಸೋರಿದ ಬ್ರೇಕ್ ಎಣ್ಣೆಯಲ್ಲಿ ತೊಯ್ದಿತ್ತು. "ನಟ್ ಸವೆದಿದೆ" ಎಂದು ಸುಳ್ಳು ಹೇಳಿದೆ. ನಟ್ ಹೊಸದು, ನಾನು ಬಿಗಿ ಮಾಡಿದ್ದು ಸಾಲದು. ಈ ಮಾತನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಇದಕ್ಕೆ ಏನು ಶಿಕ್ಷೆ ಬಂದರೂ ಬರಲಿ.

ಆಮೇಲೆಯೇ ನಾನು ನಿಮ್ಮ ಬಾಗಿಲಿಗೆ ಬಂದದ್ದು. ಚಿಕಿತ್ಸೆಗೆ ರಜೆ ಬೇಕಾದರೆ ಕೈ ಮೇಲೇಳಬಾರದು, ಕೈ ಮೇಲೇಳದಷ್ಟು ಕೆಡಬಾರದೆಂದರೆ ಚಿಕಿತ್ಸೆ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಕೊನೆಗೆ ಸಂಬಳವಿಲ್ಲದ ರಜೆ ಹಾಕಿ ಫಿಸಿಯೋಥೆರಪಿಗೆ ಹೋದೆ. ಅಲ್ಲಿಯ ಹುಡುಗಿ ಗೋಡೆ ಗಡಿಯಾರ ತೋರಿಸಿ, "ಎರಡೂ ಕೈ ಮೇಲೆತ್ತಿ ಅಣ್ಣಾ, ಮುಷ್ಟಿ ಬಿಚ್ಚಿ ಮುಚ್ಚಿ ಮಾಡ್ತಾ ಇರಿ. ಮೂರು ನಿಮಿಷ" ಎಂದಳು. ಐವತ್ತು ಸೆಕೆಂಡಿಗೆ ಬಲ ಅಂಗೈ ಬಿಳಿಚಿತು. ಎಪ್ಪತ್ತಕ್ಕೆ ಕೈ ತಾನಾಗಿ ಕೆಳಗೆ ಬಿತ್ತು. ನಾನು ಅತ್ತುಬಿಟ್ಟೆ. ನೋವಿಗಲ್ಲ. ಟೀ ಸಾಹುಕಾರರ ಮುಖ ಕಣ್ಣಿಗೆ ಬಂದಿತ್ತು.

ಹೊಟ್ಟೆ ಉಬ್ಬಿಸಿ ಉಸಿರಾಡುವುದು, ಭುಜ ಇಳಿಬಿಡುವುದು, ಕೈ ತಲೆಯಡಿ ಇಟ್ಟು ಮಲಗದಿರುವುದು, ಇವನ್ನೆಲ್ಲ ಮಗುವಿನ ಹಾಗೆ ಕಲಿತೆ. ಏಳು ತಿಂಗಳಾಯಿತು. ಈಗ ಎರಡು ನಿಮಿಷ ಹತ್ತು ಸೆಕೆಂಡು ತಡೆಯುತ್ತೇನೆ. ಆರನೇ ತಿಂಗಳಲ್ಲಿ ಧೈರ್ಯ ಮಾಡಿ ಟೀ ಸಾಹುಕಾರರ ಮನೆಗೆ ಹೋದೆ. ಬಾಗಿಲು ತೆರೆದವರು ನನ್ನ ಭುಜವನ್ನೊಮ್ಮೆ ನೋಡಿ, "ಬಾರಯ್ಯಾ. ಯಾವ ಕೈ?" ಎಂದರು.

"ಬಲಗೈ," ಎಂದೆ. ತಪ್ಪಾಯಿತು ಎನ್ನುವಷ್ಟರಲ್ಲಿ ಅವರು ಒಳಗೆ ಹೋಗಿ ಟೀ ತಂದರು.

"ಲೋಟ ಎಡಗೈಲಿ ಹಿಡ್ಕೋ. ಅರ್ಧವೇ ಹಾಕಿದೀನಿ," ಎಂದು ಟೀ ಕೊಟ್ಟರು. ಅವರ ಬಲ ಅಂಗೈಯಲ್ಲಿ, ಹೆಬ್ಬೆರಳ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು. ಅಂಥ ಗುಳಿ ಮತ್ತೆ ತುಂಬುವುದಿಲ್ಲವೆಂದು ಫಿಸಿಯೋಥೆರಪಿಯ ಹುಡುಗಿ ನನಗೆ ಹೇಳಿದ್ದಳು. ಆರು ವರ್ಷದ ಹಿಂದೆ ಅವರಿಗೂ ಇದೇ ಚಿಕಿತ್ಸೆ ಸಿಕ್ಕಿದ್ದರೆ ಎಂದು ಯೋಚಿಸುತ್ತ ಆ ಟೀ ಕುಡಿದೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇಷ್ಟೇ. ಒಂಬತ್ತನೇ ಪ್ರಶ್ನೆಯನ್ನು 'ಎಷ್ಟು ಹೊತ್ತು' ಎಂದು ತಿದ್ದಿ, ಗೋಡೆಗೊಂದು ಗಡಿಯಾರ ಹಾಕಿಸಿ. ಅವರ ಕಡತವನ್ನು ಮತ್ತೆ ತೆರೆದು ರಾಜೀನಾಮೆಯನ್ನು ರದ್ದುಮಾಡಿ, ಕೂತು ಮಾಡುವ ಕೆಲಸ ಕೊಡಿಸಿ. ಹತ್ತನೇ ಸಾಲಿನ ನನ್ನ ಅಭಿಪ್ರಾಯ ಸುಳ್ಳು, ಅದನ್ನು ಹಿಂತೆಗೆದುಕೊಂಡಿದ್ದೇನೆ. ನಿಮ್ಮ ಒಂಬತ್ತನೆಯದನ್ನು ನೀವು ಹಿಂತೆಗೆದುಕೊಳ್ಳುತ್ತೀರಾ?

ಇಂತಿ,
ಅಡ್ಡಿಯಿಲ್ಲವೆಂದು ಬರೆದ ಹಿರಿಯ ಮೆಕ್ಯಾನಿಕ್

(ಕಡತದಲ್ಲಿರುವ ಸಹಿಗೂ ಈ ಸಹಿಗೂ ಹೋಲಿಕೆಯಿಲ್ಲವೆಂದು ಪತ್ರ ತಿರಸ್ಕರಿಸಬೇಡಿ. ಕೈ ಅದೇ. ಆಗ ನಡುಗುತ್ತಿರಲಿಲ್ಲ.)