ಹಿರಿಯರ ಹೆಸರಿನ ಪತ್ರಗಳು

ಮಕರಪುರ ರಸ್ತೆ, ವಡೋದರಾ
೧೮ ಫೆಬ್ರವರಿ ೧೯೯೬, ಭಾನುವಾರ

ಚಿ. ಸೌ. ವಿಂಧ್ಯಾಳಿಗೆ ಮಾವನ ಮನಸಾರೆ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಲೆಸ್ಟರ್ ಕಡೆ ಹಿಮ ಬೀಳುತ್ತಿದೆ ಎಂದು ಟಿವಿಯಲ್ಲಿ ತೋರಿಸಿದಾಗಿನಿಂದ ನಿನ್ನ ಅತ್ತೆಯದು ಒಂದೇ ಮಾತು: ‘ಆ ಹುಡುಗಿ ಕಿವಿಗೆ ಅರಬಿ ಕಟ್ಕೊಂಡಾಳೋ ಇಲ್ಲೋ ಕೇಳ್ರಿ.’ ಕೇಳಿದ್ದೇನೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸದ ಹೊರೆ ಇಳಿಯಿತೇ? ನಿನ್ನ ತಂದೆಯವರ ಮಂಡಿನೋವು ಹೇಗಿದೆ, ನಡೆದಾಡುತ್ತಾರೆಯೇ? ಒಬ್ಬಳೇ ಮಗಳು, ಇಬ್ಬರು ಹಿರಿಯರನ್ನು ನೋಡಿಕೊಳ್ಳುತ್ತೀ. ನಿನ್ನ ಹೊಟ್ಟೆಯ ಕಡೆಗೂ ಲಕ್ಷ್ಯವಿರಲಿ.

ಇನ್ನು ಸುದ್ದಿ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿತಿನ್‌ನ ವೀಸಾ ತಿರಸ್ಕಾರವಾಗಿದೆ. ಮೊನ್ನೆ ಗುರುವಾರ ಮುಂಬಯಿಯ ಬ್ರಿಟಿಷ್ ವೀಸಾ ಕಚೇರಿಯಿಂದ ಕಾಗದ ಬಂತು. ಫೋನಿನಲ್ಲಿ ತಿಳಿಸಲು ಅವನಿಗೆ ಬಾಯಿ ಬರಲಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಕೂತು ಓದು, ತಾಯಿ.

ಕಳೆದ ತಿಂಗಳ ಸಂದರ್ಶನಕ್ಕೆ ನಾನೂ ಜೊತೆಗೆ ಹೋಗಿದ್ದೆನಷ್ಟೆ. ನನ್ನನ್ನು ಹೊರಗೆ ಕೂರಿಸಿದರು. ಒಳಗೆ ನಡೆದದ್ದನ್ನು ನಿತಿನ್ ಹೇಳಿದ. ನಿಮ್ಮ ಇಂಗ್ಲೆಂಡಿನ ಕಾನೂನಿನ ಪ್ರಕಾರ, ಆ ದೇಶಕ್ಕೆ ನುಗ್ಗುವುದೇ ಮದುವೆಯ ಮುಖ್ಯ ಉದ್ದೇಶವಲ್ಲ ಎಂದು ಗಂಡನಾದವನೇ ಸಾಬೀತು ಮಾಡಬೇಕಂತೆ. ಕದ್ದಿಲ್ಲವೆಂದು ಹೇಗಪ್ಪಾ ಸಾಬೀತು ಮಾಡುವುದು? ‘ಹೆಂಡತಿಯೇ ಇಲ್ಲಿಗೆ ಬರಬಹುದಲ್ಲ’ ಎಂದು ಕೇಳಿದರಂತೆ. ಅವಳ ತಂದೆತಾಯಿಗೆ ಬೇರೆ ಯಾರೂ ಇಲ್ಲ ಎಂದ ಇವನು. ‘ಹಾಗಾದರೆ ಅಲ್ಲಿಗೆ ಹೋಗುವುದೆಂದು ಮೊದಲೇ ನಿರ್ಧರಿಸಿದ್ದಿರಿ’ ಎಂದು ಬರೆದುಕೊಂಡರು. ಅತ್ತ ದರಿ ಇತ್ತ ಪುಲಿ. ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಒಳ್ಳೆಯ ಹುದ್ದೆಯಲ್ಲಿರುವ ನನ್ನ ಮಗ ಯಾವ ದೇಶದ ಬಾಗಿಲನ್ನೂ ಒದ್ದವನಲ್ಲ.

ಆಮೇಲೆ ಪತ್ರಗಳನ್ನು ಕೇಳಿದರು. ನೀನು ಹನ್ನೊಂದು ತಿಂಗಳಲ್ಲಿ ಬರೆದ ಇಪ್ಪತ್ತೆರಡು ಪತ್ರಗಳನ್ನೂ ನಾನು ತಾರೀಖಿನ ಪ್ರಕಾರ ಜೋಡಿಸಿ, ರೈಲ್ವೆ ಕಚೇರಿಯಲ್ಲಿ ಮೂವತ್ತು ವರ್ಷ ಮಾಡಿದಂತೆ ತೂತು ಹೊಡೆದು ಕೆಂಪು ದಾರ ಕಟ್ಟಿ ಕೊಟ್ಟಿದ್ದೆ. ಕನ್ನಡ ಬಲ್ಲ ದುಭಾಷಿಯೊಬ್ಬ ಒಂದೊಂದಾಗಿ ಓದಿದ. ಎಲ್ಲವೂ ‘ತೀರ್ಥರೂಪ ಮಾವನವರಿಗೆ’ ಎಂದೇ ಶುರು. ಕೊನೆಯಲ್ಲಿ ಮಾತ್ರ ‘ಅವರು ಆರೋಗ್ಯವೇ?’ ಎಂಬ ಒಂದು ಸಾಲು. ನಾನು ಬರೆದ ಉತ್ತರಗಳ ಅಡಿಯಲ್ಲಿ ಇವನದೂ ಒಂದೇ ಸಾಲು: ‘ನಾನು ಕ್ಷೇಮ, ನಿತಿನ್.’ ಗಂಡ ಹೆಂಡಿರ ನಡುವೆ ಪತ್ರವ್ಯವಹಾರವೇ ಇಲ್ಲ, ಆದ್ದರಿಂದ ಅನ್ಯೋನ್ಯತೆಗೆ ಪುರಾವೆಯಿಲ್ಲ ಎಂದು ಕಾಗದದಲ್ಲಿ ಟೈಪಾಗಿ ಬಂದಿದೆ.

ಕಾನೂನನ್ನು ಎರಡು ದಿನ ಬೈದೆ. ಮೂರನೆಯ ದಿನ ಬೈಸಿಕೊಳ್ಳಲು ನಾನೊಬ್ಬನೇ ಉಳಿದೆ. ನೀನು ಹೊರಟ ದಿನ ವಡೋದರಾ ಸ್ಟೇಷನ್ನಿನಲ್ಲಿ ‘ನಮ್ಮ ಮನ್ಯಾಗ ಸೊಸಿ ಪತ್ರ ಹಿರ್ಯಾರ ಹೆಸರಿಗೆ ಬರ್ತಾವ ತಂಗಿ, ಎಲ್ಲಾರೂ ಕೂಡಿ ಓದ್ತೀವಿ’ ಎಂದವನು ನಾನೇ ಅಲ್ಲವೇ? ಫೋನೂ ಹಾಲ್‌ನಲ್ಲಿದೆ. ನಾವೆಲ್ಲ ಸುತ್ತ ಕೂತಿರುವಾಗ ನೀವಿಬ್ಬರು ಹವಾಮಾನದ ಮಾತಲ್ಲದೆ ಇನ್ನೇನು ಆಡೀರಿ? ಕೆಳಗಿನ ಮನೆಯ ಡಾಹ್ಯಾಭಾಯಿಯವರ ಸೊಸೆ ಲಂಡನ್ನಿನಿಂದ ಗಂಡನ ಹೆಸರಿಗೆ ವಾರಕ್ಕೆರಡು ಪತ್ರ ಹಾಕುತ್ತಿದ್ದಳು. ‘ಎಂಥಾ ಹುಡುಗಿ’ ಎಂದು ನಾನು ಮೂಗು ಮುರಿದಿದ್ದೆ. ಅವಳ ಗಂಡ ವೀಸಾ ಸಿಕ್ಕಿ ಲಂಡನ್ನಿಗೆ ಹೋಗಿ ವರ್ಷವಾಯಿತು.

ನಮ್ಮ ತಂದೆ ಧಾರವಾಡದಲ್ಲಿ ಹಾಗೇ ನಡೆಸಿದ್ದರು. ನಾನು ವರ್ಗವಾಗಿ ಮೊದಲು ಒಬ್ಬನೇ ಇಲ್ಲಿಗೆ ಬಂದಾಗ ಅಪ್ಪನ ಹೆಸರಿಗೇ ಬರೆಯುತ್ತಿದ್ದೆ. ಅವರು ಪಡಸಾಲೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಗುರುವಾರ ನಿನ್ನ ಅತ್ತೆ ಶಾಂತಾ ಬೇಳೆ ಆರಿಸುತ್ತ, ತಲೆ ಎತ್ತದೆ ಹೇಳಿದಳು: ‘ಅಡಗಿಮನಿ ಬಾಗಲ ಹಿಂದ ನಿಂತು ಕೇಳ್ತಿದ್ನಿರಿ. ನನ್ನ ಹೆಸರು ಒಮ್ಮೆನೂ ಬರಲಿಲ್ಲ.’ ಮೂವತ್ತು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

ನಿತಿನ್ ನನ್ನ ಮೇಲೆ ಒಂದು ಮಾತೂ ಎತ್ತಿಲ್ಲ. ಅರ್ಧ ಊಟಕ್ಕೆ ಏಳುತ್ತಾನೆ, ಕೆಲಸಕ್ಕೆ ಹೋಗುತ್ತಾನೆ. ರೇಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೇಲ್ಮನವಿಗೆ ಮೂರು ತಿಂಗಳು ಅವಕಾಶವಿದೆ. ವಿಚಾರಣೆ ನಿಮ್ಮಲ್ಲೇ ನಡೆಯುತ್ತದಂತೆ. ಒಳ್ಳೆಯ ವಕೀಲರನ್ನು ನೋಡು, ಧೈರ್ಯಗೆಡಬೇಡ.

ನಿನ್ನ ತಂದೆತಾಯಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ನೀವಿಬ್ಬರೂ ಬೇಗ ಒಂದೇ ಸೂರಿನಡಿ ಇರುವಂತಾಗಲಿ.

ನಿನ್ನ ಮಾವ,
ಮಲ್ಲಿಕಾರ್ಜುನ

ತಾ.ಕ.: ನಿತಿನ್ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನ ಪತ್ರಗಳು ಇಪ್ಪತ್ತೆರಡಲ್ಲ, ಇಪ್ಪತ್ತಮೂರು. ಕಳೆದ ಆಷಾಢದಲ್ಲಿ ನಿತಿನ್ ಹೆಸರಿಗೇ ಒಂದು ಬಂದಿತ್ತು. ಒಡೆದೆ. ‘ನನ್ನ ನಿತಿನ್’ ಎಂಬಷ್ಟನ್ನು ಓದಿ, ಸಿಟ್ಟು ಬಂದು, ಮಡಿಚಿ ಟ್ರಂಕಿನಲ್ಲಿಟ್ಟೆ. ಅವನಿಗೆ ಕೊಡಲಿಲ್ಲ. ಅವನು ಉತ್ತರಿಸಲಿಲ್ಲವೆಂದು ನೀನು ಎಷ್ಟು ನೊಂದೆಯೋ. ಫೈಲು ಜೋಡಿಸುವಾಗ ಅದು ಕೈಗೆ ಸಿಕ್ಕಿತ್ತು. ಅಂದೂ ನಾಚಿಕೆಗೆ ಮುಚ್ಚಿಟ್ಟೆ. ವೀಸಾ ಕಚೇರಿಯವರು ಕೇಳಿದ್ದು ಅಂಥದ್ದೊಂದನ್ನೇ. ಈ ಬೆಳಿಗ್ಗೆ ಅವನ ಕೈಗೆ ಕೊಟ್ಟೆ. ಮಾಳಿಗೆಗೆ ಹೋಗಿ ಓದಿ ಬಂದು, ಮುಖ ತೊಳೆದು, ಒಂದು ಲಕೋಟೆ ಕೇಳಿದ. ಒಬ್ಬನಿಗೆಂದು ನೀನು ಬರೆದದ್ದನ್ನು ಇನ್ನು ವಕೀಲರು, ದುಭಾಷಿ, ನ್ಯಾಯಾಧೀಶರು ಎಲ್ಲರೂ ಓದಬೇಕಾಗುತ್ತದೆ. ಅದಕ್ಕೆ ನಿನ್ನ ಒಪ್ಪಿಗೆ ಬೇಕು. ನಾನು ಮಾತ್ರ ಓದುವುದಿಲ್ಲ. ಕ್ಷಮಿಸುವುದು ಬಿಡುವುದು ನಿನಗೆ ಸೇರಿದ್ದು. ಉತ್ತರವನ್ನು ನಿತಿನ್ ಹೆಸರಿಗೇ ಬರೆ.